ತಟ್ಟಿ ಕೇಳಿದ ಮರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಹಾಡು ಕೇಳ್ತಾ ಕೂತಿದ್ದವನು ಗಿಟಾರ್ ಮಾಡೋಕೆ ಯಾಕೆ ಹೊರಟೆ?" ಅಂತ. ಶುರುವಾಗಿದ್ದು ನಿನ್ನ ಗಿಟಾರಿನಿಂದಲೇ ಮಾರಾಯಾ.

ಹಾಸ್ಟೆಲಿನ ಆ ಮಳೆಗಾಲ ನೆನಪಿದೆಯಾ? ನಿನ್ನ ಗಿಟಾರಿನ ಬ್ರಿಜ್, ಅಂದರೆ ತಂತಿಗಳನ್ನು ಹಿಡಿದಿಡುವ ಮರದ ತುಂಡು, ಎದ್ದು ಬಂದಿತ್ತು. ಅಂಟು ಹಾಕೋಣ ಅಂತ ಒಳಗೆ ಕನ್ನಡಿ ತೂರಿಸಿ ಟಾರ್ಚ್ ಬಿಟ್ಟೆವು. ಮೇಲಿನ ಹಲಗೆಯ ಅಡಿಯಲ್ಲಿ ಕತ್ತರಿಯಂತೆ ಹಾದುಹೋದ ಎರಡು ಮರದ ಪಟ್ಟಿ ಕಂಡವು. ನಾನು ತುಂಬಾ ಹೊತ್ತು ಅದನ್ನೇ ನೋಡಿದೆ. ಚಿಕ್ಕವನಿದ್ದಾಗ ಅಪ್ಪ ತಂಬೂರಿ ಶ್ರುತಿ ಮಾಡುವಾಗ ಬುರುಡೆಗೆ ಕಿವಿ ಇಟ್ಟು ಕೂರುತ್ತಿದ್ದೆ. ತಂತಿಯ ಕೆಳಗಿನ ನೂಲನ್ನು ಅಪ್ಪ ಒಂದು ಎಳೆಯಷ್ಟು ಸರಿಸಿದರೆ ಸಾಕು, ನಾದ ಅರಳುತ್ತಿತ್ತು. ಅಂದಿನಿಂದಲೂ ಒಳಗೇನಿದೆ ಅಂತ ನೋಡುವ ಆಸೆ.

ಅಜ್ಜಿಮನೆಯಲ್ಲಿ ಮುರಿದ ಬೀಟೆ ಮಂಚವೊಂದಿತ್ತು. ಅದನ್ನೇ ಸೀಳಿಸಿ ತಂದೆ. ಗೊತ್ತಾ, ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಹಿಡಿದದ್ದು ಇದೇ ಜಾತಿಯ ಭಾರತದ ಮರವನ್ನು. ಪಕ್ಕದ ಹಲಗೆಗಳನ್ನು 2 ಮಿ.ಮೀ.ಗೆ ಇಳಿಸಿ, ನೀರು ಸವರಿ, ಬಿಸಿ ಪೈಪಿನ ಮೇಲೆ ಒತ್ತಿ ಬಗ್ಗಿಸಬೇಕು. ಆಗ ಬರುವ ಸಿಹಿ ಪರಿಮಳ ಇಡೀ ಮನೆಗೆ ಹಬ್ಬುತ್ತದೆ.

ನಾನು ಮಾಡಿದ ಮೊದಲ ಗಿಟಾರ್ ಹಾಡಲಿಲ್ಲ. ಆರು ತಂತಿಗಳ ಎಳೆತ ಸೇರಿ ಸುಮಾರು 70 ಕೆ.ಜಿ. ಆಗುತ್ತದೆ. ಹಲಗೆ ಎಲ್ಲಿ ಬಗ್ಗಿಹೋಗುತ್ತೋ ಅಂತ ಹೆದರಿ, ಮೇಲಿನ ಸ್ಪ್ರೂಸ್ ಅನ್ನೋ ಹಗುರ ಮರದ ಹಲಗೆಯನ್ನು 4 ಮಿ.ಮೀ. ದಪ್ಪ ಉಳಿಸಿದ್ದೆ. ಸ್ವರ ಹುಟ್ಟಿದಲ್ಲೇ ಸತ್ತುಹೋಗುತ್ತಿತ್ತು. ಎರಡು ದಿನ ಊಟ ಸೇರಲಿಲ್ಲ.

ಎರಡನೆಯದರ ಹಲಗೆಯನ್ನು 2.8 ಮಿ.ಮೀ.ಗೆ ತಂದೆ. ಅಡಿಯ ಪಟ್ಟಿಗಳನ್ನು ಉಳಿಯಿಂದ ಸ್ವಲ್ಪ ಕೆತ್ತುವುದು, ಹಲಗೆಯನ್ನು ಎರಡು ಬೆರಳಲ್ಲಿ ತೂಗಿ ಹಿಡಿಯುವುದು, ತಟ್ಟುವುದು, ಕೇಳುವುದು. ಮತ್ತೆ ಕೆತ್ತುವುದು. ಮೊದಮೊದಲು ಬರೀ 'ಟಕ್' ಅನ್ನುತ್ತಿತ್ತು. ಸಂಜೆ ಹೊತ್ತಿಗೆ ತಟ್ಟಿದ ಮೇಲೂ ಸದ್ದು ಉಳಿಯತೊಡಗಿತು. ಇನ್ನೊಂದು ಸಿಪ್ಪೆ ತೆಗೆದರೆ ಜಾಸ್ತಿಯಾಗುತ್ತೆ ಅನ್ನಿಸಿದಾಗ ಉಳಿ ಕೆಳಗಿಟ್ಟೆ. ತಂತಿ ಕಟ್ಟಿದ ರಾತ್ರಿ ಅಪ್ಪ ಏನೂ ಹೇಳಲಿಲ್ಲ. ಸುಮ್ನೆ ಹತ್ತಿರ ಬಂದು ಬೀಟೆಯ ಬೆನ್ನಿಗೆ ಕಿವಿ ಇಟ್ಟರು.

ಮಳೆಗಾಲದಲ್ಲಿ ನಾನು ಪಟ್ಟಿ ಅಂಟಿಸುವುದಿಲ್ಲ. ನೀರು ಕುಡಿದು ಹಿಗ್ಗಿದ ಹಲಗೆ ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ. ಹಾಗಾಗಿ ದಸರಾ ತನಕ ಬಿಡುವಿದೆ. ನಿನ್ನ ಹಳೇ ಗಿಟಾರ್ ಇನ್ನೂ ಇದೆ ತಾನೇ? ತಗೊಂಡು ಬಾ. ಅಂದು ನಾವು ಹಾಕಿದ ಅಂಟು ಹೇಗಿದೆ ನೋಡಬೇಕು.

ಇಂತಿ ನಿನ್ನ,
ಹಳೇ ರೂಂಮೇಟ್