ಬೋರಲು ಹಾಕಿದ ಗಡಿಯಾರ

ಪ್ರೀತಿಯ ಮಗಳಿಗೆ,

ಭಾನುವಾರ ಫೋನಿನಲ್ಲಿ ನಾನು ಏನೆಂದೆ, ನೀನು ಏನೆಂದೆ ಎಂಬುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಶುಕ್ರವಾರ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರಿಗೆ ಹೋಗುತ್ತದೆ ಎಂದಷ್ಟೇ ಹೇಳಿ ನೀನು ಫೋನ್ ಇಟ್ಟ ಮೇಲೆ ಹದಿನಾಲ್ಕನೆಯ ಅಧ್ಯಾಯವನ್ನು ಇನ್ನೆರಡು ಸಲ ಓದಿದೆ. ಎದುರಿಗೆ ಕೂತು ಹೇಳಲು ಹೋದರೆ ಮತ್ತೆ ದನಿ ಏರುತ್ತದೆ ಎಂಬ ಭಯಕ್ಕೆ ಕಾಗದದ ಮೊರೆ ಹೋಗಿದ್ದೇನೆ.

ಮೊದಲು ಹೇಳಬೇಕಾದದ್ದನ್ನು ಅಂದು ಹೇಳಲಿಲ್ಲ: ನೀನು ಚೆನ್ನಾಗಿ ಬರೆದಿದ್ದೀಯ. ತೂಕವಿಲ್ಲದ ಕೋಣೆಯಲ್ಲಿ ತೇಲುವ ರಕ್ತದ ಹನಿಗಳನ್ನು ಬಟ್ಟೆ ಹಿಡಿದು ಅಟ್ಟಿಸಿಕೊಂಡು ಹೋಗುವ ವೈದ್ಯಸಹಾಯಕನ ಪುಟವನ್ನು ಓದಿದಾಗ, ಇದನ್ನು ಬರೆದವಳು ನನ್ನ ಮಗಳೇ ಎಂದು ಎರಡು ನಿಮಿಷ ಸುಮ್ಮನೆ ಕೂತಿದ್ದೆ. ನನ್ನ ತಕರಾರು ನಿನ್ನ ಸೇನಾಪತಿಯ ಬಗ್ಗೆ. ಭೂಮಿಯ ಕಕ್ಷೆಯಲ್ಲಿ ಕೂತ ಅವನು ಗುರುಗ್ರಹದ ಉಪಗ್ರಹ ಗ್ಯಾನಿಮೀಡಿನ ವಸಾಹತನ್ನು ಸುಟ್ಟುಹಾಕುವಂತೆ ಆಜ್ಞೆ ಮಾಡುತ್ತಾನೆ, ಮರುಕ್ಷಣ ಪರದೆ ಬೆಳ್ಳಗಾಗುತ್ತದೆ, ಅವನು ಅಳುತ್ತಾನೆ. ಅಳುವುದರಿಂದಲೇ ಅವನು ದುರಂತಪಾತ್ರ ಎಂದು ನೀನು ವಾದಿಸಿದೆ. ಆ ಮರುಕ್ಷಣವೇ ಸುಳ್ಳು ಎಂಬುದು ನನ್ನ ವಾದ.

ಗುರುಗ್ರಹ ನಮಗೆ ಅತ್ಯಂತ ಹತ್ತಿರ ಬಂದಾಗಲೂ ಸುಮಾರು 59 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೂ ಅಲ್ಲಿಗೆ ತಲುಪಲು 33 ನಿಮಿಷ ಹಿಡಿಯುತ್ತದೆ. ಆಜ್ಞೆ ಹೋಗಲು 33 ನಿಮಿಷ, ಉರಿಯ ಬೆಳಕು ಮರಳಿ ಬರಲು ಮತ್ತೆ ಅಷ್ಟೇ. ಮೂರನೆಯ ನಿಮಿಷಕ್ಕೆ ಅವನ ಮನಸ್ಸು ಬದಲಾಯಿತೆಂದುಕೋ. ‘ನಿಲ್ಲಿಸಿ’ ಎಂಬ ಸಂದೇಶವೂ ಅದೇ ವೇಗದಲ್ಲಿ ಮೂರು ನಿಮಿಷ ಹಿಂದೆಯೇ ಓಡುತ್ತಿರುತ್ತದೆ, ಮೊದಲನೆಯದನ್ನು ಎಂದೂ ಹಿಡಿಯಲಾರದು. ಆ ಹೊತ್ತಿನಲ್ಲಿ ವಸಾಹತಿನ ಜನ ಬದುಕಿಯೇ ಇರುತ್ತಾರೆ, ಅದು ಅವನಿಗೂ ಗೊತ್ತಿರುತ್ತದೆ. ಆ ಅರ್ಧ ಗಂಟೆಯಲ್ಲಿ ಅವನು ಏನು ಮಾಡುತ್ತಾನೆ? ನಿನ್ನ ಅಧ್ಯಾಯ ಇರುವುದೇ ಅಲ್ಲಿ, ನೀನು ಅದನ್ನು ಒಂದು ಸಾಲಿನಲ್ಲಿ ದಾಟಿಬಿಟ್ಟಿದ್ದೀಯ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳುವ ಹಕ್ಕು ನನಗೆ ಎಲ್ಲಿಂದ ಬಂತೆಂದು ಕೇಳಿದೆಯಲ್ಲ, ಅದಕ್ಕೆ ಅಂದು ಉತ್ತರ ಕೊಡಲಿಲ್ಲ. ನಿನ್ನಮ್ಮನಿಗೂ ಇದನ್ನು ಅರ್ಧ ಮಾತ್ರ ಹೇಳಿದ್ದೇನೆ.

ಆಗ ನನಗೆ ಇಪ್ಪತ್ತಾರು ವರ್ಷ. ಯುದ್ಧವೇನಲ್ಲ, ಫಿರಂಗಿದಳದ ಮಾಮೂಲಿ ಅಭ್ಯಾಸ. ದಿಕ್ಕನ್ನು ನಾವು ಮಿಲ್‌ಗಳಲ್ಲಿ ಅಳೆಯುತ್ತಿದ್ದೆವು, ಪೂರ್ತಿ ವೃತ್ತಕ್ಕೆ 6400. ರೇಡಿಯೋದಲ್ಲಿ ಬಂದ ಅಂಕಿಯನ್ನು ಬರೆದುಕೊಂಡು ತೋಪಿನವರಿಗೆ ಕೂಗಿ ಹೇಳುವುದು ನನ್ನ ಕೆಲಸ. ನೂರರ ಸ್ಥಾನದ ಒಂದು ಮೂರರ ಜಾಗದಲ್ಲಿ ನಾಲ್ಕು ಹೋಯಿತು, ಅಂದರೆ ನೂರು ಮಿಲ್ ವ್ಯತ್ಯಾಸ. ಒಂದು ಕಿಲೋಮೀಟರಿಗೆ ಸುಮಾರು ನೂರು ಮೀಟರ್ ಪಕ್ಕಕ್ಕೆ ಸರಿಯುವ ಲೆಕ್ಕವದು. ಗುರಿ ಒಂಬತ್ತು ಕಿಲೋಮೀಟರ್ ದೂರದಲ್ಲಿತ್ತು. ಗುಂಡು ಹೊರಟಿತು, ‘ಶಾಟ್’ ಎಂದು ರೇಡಿಯೋದಲ್ಲಿ ತಿಳಿಸಿದೆ, ಆಮೇಲೆ ನನ್ನ ಕಣ್ಣು ಆ ನಾಲ್ಕರ ಮೇಲೆ ಬಿತ್ತು.

ಗುಂಡು ಗಾಳಿಯಲ್ಲಿರುವುದು ಸುಮಾರು ಅರ್ಧ ನಿಮಿಷ. ಕೈಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತ ನಿಂತೆ. ಆ ದಿಕ್ಕಿನಲ್ಲಿ ಮೈದಾನದ ಗಡಿಗೆ ಅಂಟಿಕೊಂಡಂತೆ ಕುರಿಮಂದೆಯೊಂದು ಮೇಯುತ್ತಿದ್ದದ್ದನ್ನು ಬೆಳಿಗ್ಗೆಯೇ ನೋಡಿದ್ದೆ. ಆ ಅರ್ಧ ನಿಮಿಷದಲ್ಲಿ ನಾನು ದುರ್ಬೀನಿಗೆ ಕೈ ಹಾಕಲಿಲ್ಲ, ಕೂಗಲೂ ಇಲ್ಲ. ನಾನು ದಾಖಲೆ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ನಾಲ್ಕು ನನ್ನ ಅಕ್ಷರವೋ ರೇಡಿಯೋ ಹುಡುಗನ ಅಕ್ಷರವೋ ಎಂದು ನೋಡಿದೆ. ಅವನದಾಗಿರಲಿ ಎಂದುಕೊಂಡೆ. ವಿಚಾರಣೆಯಲ್ಲಿ ಹೇಳಬೇಕಾದ ವಾಕ್ಯ ಕರ್ತೃ, ಕರ್ಮ, ಕ್ರಿಯಾಪದದ ಸಮೇತ ಬಾಯಿಗೆ ಬಂದಿತ್ತು. ಆಮೇಲೆ ದೂರದಲ್ಲಿ ‘ಧಪ್’ ಎಂದಿತು.

ಯಾರೂ ಸಾಯಲಿಲ್ಲ. ಮೂರು ಕುರಿಗಳು ಸತ್ತಿದ್ದವು. ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬ ತಲೆಯಿಂದ ಕಾಲಿನವರೆಗೆ ಧೂಳಾಗಿ ಸತ್ತ ಕುರಿಯ ಮುಂಗಾಲು ಹಿಡಿದು ಅದನ್ನು ಎಬ್ಬಿಸಲು ನೋಡುತ್ತಿದ್ದ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ನಾವು ಮಾತಾಡಿದಾಗಲೆಲ್ಲ ನಮ್ಮ ತುಟಿಗಳನ್ನೇ ನೋಡುತ್ತಿದ್ದ. ಎರಡು ದಿನಕ್ಕೆ ಕಿವಿ ಸರಿಹೋಯಿತೆಂದು ತಿಳಿಯಿತು. ಅಕ್ಷರ ನನ್ನದೇ ಆಗಿತ್ತು, ತಪ್ಪು ನನ್ನದೆಂದು ಒಪ್ಪಿಕೊಂಡೆ, ಪ್ರಾಮಾಣಿಕ ಅಧಿಕಾರಿ ಎಂದು ಹಿರಿಯರು ಬೆನ್ನು ತಟ್ಟಿದರು. ಅಕ್ಷರ ರೇಡಿಯೋ ಹುಡುಗನದಾಗಿದ್ದರೆ ಏನು ಹೇಳುತ್ತಿದ್ದೆನೆಂದು ಯಾರೂ ಕೇಳಲಿಲ್ಲ. ಆ ದಿನದಿಂದ ಏನನ್ನಾದರೂ ತೀರ್ಮಾನಿಸುವ ಮುನ್ನ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಬೋರಲು ಹಾಕುವುದು ರೂಢಿಯಾಯಿತು. ನಿನ್ನ ಅಂಕಪಟ್ಟಿಗೆ ಸಹಿ ಹಾಕುವಾಗಲೂ ಹಾಗೆಯೇ ಮಾಡುತ್ತಿದ್ದೆ. ನೀನು ಅದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆಯೆಂದೂ, ಅದು ನಿನಗೆ ಅಷ್ಟು ಹೆದರಿಕೆ ಹುಟ್ಟಿಸುತ್ತಿತ್ತೆಂದೂ ನಿನ್ನ ಸೇನಾಪತಿ ಗಡಿಯಾರ ಬಿಚ್ಚಿದ ಪುಟದಲ್ಲಷ್ಟೇ ಗೊತ್ತಾಯಿತು. ಆ ಹೆದರಿಕೆಗೆ ನಾನೇ ಹೊಣೆ, ತಡವಾಯಿತಾದರೂ ಕ್ಷಮೆ ಕೇಳುತ್ತೇನೆ.

ಆದ್ದರಿಂದ ಹೇಳುತ್ತೇನೆ, ಅವನು ಅಳುವುದು ಬೇಡ, ಲೆಕ್ಕ ನೋಡಲಿ. ಆ 33 ನಿಮಿಷದಲ್ಲಿ ಆಜ್ಞೆಯ ಪ್ರತಿಯನ್ನು ತರಿಸಿಕೊಂಡು ಒತ್ತಕ್ಷರ ತಿದ್ದಲಿ, ತನಗಿಂತ ಮೊದಲು ಸಹಿ ಹಾಕಿದವರು ಯಾರೆಂದು ಹುಡುಕಲಿ. ನಿನಗೆ ಇದು ಕಟ್ಟುಕಥೆಯಂತೆ ಕಂಡರೆ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರ್‌ನನ್ನು ನೆನೆಸಿಕೋ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ಗೊಬ್ಬರಕ್ಕೆ ದಾರಿ ತೋರಿಸಿ, ಅದಕ್ಕೆ ನೊಬೆಲ್ ಪಡೆದವನು. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಶತ್ರುಸೈನಿಕರ ಮೇಲೆ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳಿಂದ ಕ್ಲೋರಿನ್ ವಿಷಾನಿಲ ಬಿಡಿಸಿದವನೂ ಅವನೇ. ಹತ್ತು ದಿನಕ್ಕೆ, ಮೇ 2ರಂದು, ಸ್ವತಃ ರಸಾಯನಶಾಸ್ತ್ರಜ್ಞೆಯಾಗಿದ್ದ ಹೆಂಡತಿ ಕ್ಲಾರಾ ಪ್ರಾಣ ಕಳೆದುಕೊಂಡಳು. ಹೇಬರ್ ಮನೆಯಲ್ಲಿ ನಿಲ್ಲದೆ ಪೂರ್ವ ರಣರಂಗಕ್ಕೆ ಹೊರಟ. ಅಷ್ಟೆಲ್ಲ ಸೇವೆ ಮಾಡಿಸಿಕೊಂಡ ದೇಶ 1933ರಲ್ಲಿ ಯಹೂದಿ ಮೂಲದವನೆಂದು ಅವನಿಗೆ ನೆಲೆಯಿಲ್ಲದಂತೆ ಮಾಡಿತು, ಮರುವರ್ಷ ಜನವರಿಯಲ್ಲಿ ಬಾಸೆಲ್‌ನಲ್ಲಿ ಸತ್ತ. ನೀನು ಅವನ ದುರಂತವನ್ನು ಇಲ್ಲಿ ಹುಡುಕುತ್ತೀಯ. ನನ್ನ ಮನಸ್ಸು ಮಾತ್ರ ಕ್ಲಾರಾ ಸತ್ತ ದಿನ ಆ ಮನೆಯಲ್ಲಿ ಉಳಿದಿದ್ದ ಹನ್ನೆರಡು ವರ್ಷದ ಮಗನ ಹತ್ತಿರವೇ ನಿಲ್ಲುತ್ತದೆ. ಅಪ್ಪ ಹೊರಟಾಗ ಆ ಹುಡುಗ ಯಾವ ಕೋಣೆಯಲ್ಲಿದ್ದನೋ.

ನಿನ್ನ ಸೇನಾಪತಿಗೂ ಒಬ್ಬಳು ಮಗಳಿದ್ದಾಳೆ. ಎರಡನೆಯ ಅಧ್ಯಾಯದಲ್ಲಿ ಬಂದು ಬೂಟಿನ ದಾರ ಕಟ್ಟಿಸಿಕೊಂಡು ಹೋದವಳು ಮತ್ತೆ ಬರುವುದೇ ಇಲ್ಲ. ಕಥೆಗೆ ಬೇಡವೆಂದು ಬಿಟ್ಟೆಯೋ, ಬರೆಯಲು ಆಗದೆ ಬಿಟ್ಟೆಯೋ ಎಂದು ಕೇಳುವ ಧೈರ್ಯ ನನಗಿಲ್ಲ. ಆ ಅರ್ಧ ಗಂಟೆಯಲ್ಲಿ ಅವಳು ಏನೋ ಕೇಳಲು ಬಾಗಿಲ ತನಕ ಬರಲಿ, ಅವನು ತಲೆ ಎತ್ತದೆ ‘ಆಮೇಲೆ’ ಎನ್ನಲಿ. ನೋಡು, ಮತ್ತೆ ಪಾಠ ಹೇಳಲು ಶುರು ಮಾಡಿದೆ. ಕಾದಂಬರಿ ನಿನ್ನದು, ನನ್ನದು ಓದುಗನ ಮಾತು ಎಂದುಕೊಂಡು ಬೇಕಾದ್ದನ್ನು ಇಟ್ಟುಕೋ.

ಗಡಿಯಾರವನ್ನು ಮಾತ್ರ ತೆಗೆಯಬೇಡ. ಅಪ್ಪನಿಗೆ ನೋವಾಗುತ್ತದೆಂದು ತೆಗೆದುಹಾಕುವೆಯೇನೋ ಎಂಬ ಚಿಂತೆಗೆ ಇಷ್ಟು ಉದ್ದ ಬರೆಯಬೇಕಾಯಿತು.

ಹದಿನಾಲ್ಕನೆಯ ಅಧ್ಯಾಯದ ಹಾಳೆಗಳು ಇದೇ ಲಕೋಟೆಯಲ್ಲಿವೆ. ಗುರುತುಗಳನ್ನೆಲ್ಲ ಪೆನ್ಸಿಲಿನಲ್ಲಿ ಮಾಡಿದ್ದೇನೆ, ಅಳಿಸಿಹಾಕಬಹುದು. ಒಂದು ಕಡೆ, ಅವನು ಅಳುವ ಸಾಲಿನ ಪಕ್ಕದಲ್ಲಿ, ಗಮನವಿಲ್ಲದೆ ಪೆನ್ನಿನಲ್ಲಿ ಬರೆದುಬಿಟ್ಟಿದ್ದೇನೆ.

ನಿನ್ನ
ಅಪ್ಪ