ಖಾಲಿ ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತಾಗಿಸದಿರಿ

ಮಾನ್ಯ ಸಂಪಾದಕರೇ,

ತಂದೆಯವರ ಕಾಲದಿಂದ ನಮ್ಮ ಮನೆಯಲ್ಲಿರುವ 1948ರ ಎಂ.ಜಿ. ಟಿಸಿ ಕಾರಿನ ಪೆಟ್ರೋಲ್ ಟ್ಯಾಂಕು ಕಳೆದ ಮಳೆಗಾಲದಲ್ಲಿ ಸೋರತೊಡಗಿತು. ಅದರ ದುರಸ್ತಿಗೆಂದು ಅಲೆದಾಗ ಕಂಡ ಒಂದು ದೃಶ್ಯ ಈಗಲೂ ನನ್ನನ್ನು ಕಾಡುತ್ತಿದೆ. ಹಳೆಯ ವಾಹನ ಇಟ್ಟುಕೊಂಡವರೂ ಅವನ್ನು ರಿಪೇರಿ ಮಾಡುವವರೂ ಇದನ್ನು ತಿಳಿಯಲೇಬೇಕೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಮಾದರಿಯ ಕಾರುಗಳು ಒಟ್ಟು ಸುಮಾರು 10,000. ಇದರ ಟ್ಯಾಂಕು ಸೀಟುಗಳ ಹಿಂದೆ, ಹೊರಗೆ ಕಾಣುವಂತೆ, ಚಪ್ಪಟೆ ಪೆಟ್ಟಿಗೆಯ ಹಾಗೆ ನಿಂತಿರುತ್ತದೆ. ಅದರ ಬೆನ್ನಿಗೇ ಸ್ಟೆಪ್ನಿ. ಹಿಡಿಯುವುದು 13.5 ಗ್ಯಾಲನ್, ಅಂದರೆ ಸುಮಾರು 61 ಲೀಟರ್. ಎಷ್ಟು ಉಳಿದಿದೆಯೆಂದು ತೋರಿಸುವ ಮುಳ್ಳು ಇದಕ್ಕಿಲ್ಲ, ಪೆಟ್ರೋಲ್ ತೀರಾ ಕಡಿಮೆಯಾದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ದೀಪ ಹೊತ್ತಿಕೊಳ್ಳುತ್ತದೆ, ಅಷ್ಟೆ. ಟ್ಯಾಂಕನ್ನು ಬಿಗಿದಿರುವ ಕಬ್ಬಿಣದ ಪಟ್ಟಿಯ ಅಡಿಯಲ್ಲಿ ವರ್ಷಗಟ್ಟಲೆ ಧೂಳೂ ನೀರೂ ಸೇರಿ, ತಗಡು ತುಕ್ಕು ಹಿಡಿದು, ಸೂಜಿಮೊನೆಯಂಥ ಮೂರು ತೂತುಗಳಾಗಿದ್ದವು.

ನಾನು ಮೊದಲು ಹೋದ ಗ್ಯಾರೇಜಿನಲ್ಲಿ ಕೆಲಸದ ಹುಡುಗ ತಳದ ಪ್ಲಗ್ ಬಿಚ್ಚಿ ಪೆಟ್ರೋಲನ್ನೆಲ್ಲ ಬಕೆಟ್ಟಿಗಿಳಿಸಿದ. ಒಂದು ಚೊಂಬು ನೀರು ಹಾಕಿ ಕುಲುಕಿ ಚೆಲ್ಲಿದವನೇ ಗ್ಯಾಸ್ ವೆಲ್ಡಿಂಗ್‌ನ ಟಾರ್ಚನ್ನು ಕೈಗೆತ್ತಿಕೊಂಡ. ನಾನು ಓಡಿಹೋಗಿ ತಡೆದೆ. "ಖಾಲಿ ಆಗಿದೆ ಸಾರ್, ಏನೂ ಆಗಲ್ಲ" ಎಂದ. ಆ ಮಾತಿನಲ್ಲಿ ಉಡಾಫೆ ಇರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಸುಮಾರು ಶೇ 1.4ರಿಂದ ಶೇ 7.6ರ ನಡುವೆ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುವುದೂ ಗಾಳಿಗೆ ಜಾಗವೇ ಕಡಿಮೆಯಿರುವುದೂ ಸಾಮಾನ್ಯ. ಬರಿದು ಮಾಡಿದ ಟ್ಯಾಂಕಿನಲ್ಲಾದರೋ ಒಂದೆರಡು ಟೀ ಚಮಚದಷ್ಟು ಪೆಟ್ರೋಲ್ ಮೂಲೆಯಲ್ಲೋ ತುಕ್ಕಿನ ಪದರದಲ್ಲೋ ಉಳಿದರೂ, 61 ಲೀಟರ್ ಗಾಳಿಯನ್ನು ಸ್ಫೋಟಕವನ್ನಾಗಿಸಲು ಅಷ್ಟೇ ಸಾಕು. ತಣ್ಣಗಿದ್ದಾಗ ವಾಸನೆಯೇ ಬಾರದ ಟ್ಯಾಂಕು ಕೂಡ ಜ್ವಾಲೆ ತಾಗಿದೊಡನೆ ಸಂದುಗಳಲ್ಲಿ ಅಡಗಿದ್ದ ಆವಿಯನ್ನು ಹೊರಬಿಡುತ್ತದೆ.

ಕೊನೆಗೆ ನನ್ನ ಟ್ಯಾಂಕನ್ನು ಉಳಿಸಿಕೊಟ್ಟವರು ರೇಡಿಯೇಟರ್ ಬೆಸುಗೆಯಲ್ಲಿ ಪಳಗಿದ ಒಬ್ಬ ಹಿರಿಯರು. ವಾಷಿಂಗ್ ಸೋಡಾ ಕದಡಿದ ಬಿಸಿನೀರಿನಿಂದ ಅದನ್ನು ಮತ್ತೆ ಮತ್ತೆ ತೊಳೆದು, ಬಾಯಿ ತೆರೆದು ವಾರಗಟ್ಟಲೆ ಗಾಳಿಗಿಟ್ಟರು. ಒಳಗಿನ ತುಕ್ಕು ತೆಗೆಯಲು ಆಮ್ಲ ಸುರಿಯಲಿಲ್ಲ. ಟ್ಯಾಂಕಿಗೆ ಸೋಡಾ ನೀರು ತುಂಬಿಸಿ, ತಗಡಿಗೆ ತಾಗದಂತೆ ಕಬ್ಬಿಣದ ಸರಳೊಂದನ್ನು ಒಳಕ್ಕೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಧನ ತಂತಿಯನ್ನು ಸರಳಿಗೂ ಋಣ ತಂತಿಯನ್ನು ಟ್ಯಾಂಕಿಗೂ ಜೋಡಿಸಿ ಬಿಟ್ಟರು. ತುಕ್ಕು ಸಡಿಲಗೊಂಡು ಕೆಸರಿನಂತೆ ಹೊರಬಂತು. ಈ ಕ್ರಿಯೆಯಲ್ಲಿ ಹೈಡ್ರೋಜನ್ ಹೊಮ್ಮುವುದರಿಂದ ಬಯಲಿನಲ್ಲೇ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಬಳಸಿದರೆ ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ, ಆದ್ದರಿಂದ ಅದು ಸಲ್ಲದು.

ಬೆಸುಗೆಗೆ ಮುನ್ನ ತೂತುಗಳು ಮೇಲಕ್ಕೆ ಬರುವಂತೆ ಟ್ಯಾಂಕನ್ನು ಮಲಗಿಸಿ, ಅವುಗಳ ಕೆಳಗೆ ಒಂದಿಷ್ಟೇ ಜಾಗ ಬಿಟ್ಟು ನೀರು ತುಂಬಿಸಿದರು. ಆಮೇಲೆ ದೂರದ ಒಲೆಯಲ್ಲಿ ಕಾಯಿಸಿ ತಂದ ದಪ್ಪ ತಾಮ್ರದ ಬೆಸುಗೆಕೋಲಿನಿಂದ, ತವರ ಹಚ್ಚಿದ ತಗಡಿನ ತೇಪೆಯನ್ನು ಕೂರಿಸಿದರು. ತವರ ಮತ್ತು ಸೀಸ 63:37ರ ಪ್ರಮಾಣದಲ್ಲಿರುವ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಗ್ಯಾಸ್ ವೆಲ್ಡಿಂಗ್‌ನ ಜ್ವಾಲೆಯಾದರೋ 3,000 ಡಿಗ್ರಿ ದಾಟುತ್ತದೆ. ತುಕ್ಕಿನಿಂದ ಕಾಗದದಷ್ಟು ತೆಳುವಾದ ತಗಡು ಆ ಜ್ವಾಲೆಗೆ ಉಳಿಯುವುದೂ ಇಲ್ಲ. ಕಡೆಯಲ್ಲಿ ಸೈಕಲ್ ಪಂಪಿನಿಂದ ತೀರಾ ಹಗುರವಾಗಿ ಗಾಳಿ ಕೊಟ್ಟು, ತೇಪೆಯ ಸುತ್ತ ಸಾಬೂನು ನೀರು ಬಳಿದು ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ.

ಈ ಕೆಲಸದ ನಡುವೆ ಇನ್ನೊಂದು ತೊಂದರೆ ಬಯಲಾಯಿತು. ಹತ್ತಾರು ವರ್ಷಗಳ ಹಿಂದೆ ಯಾರೋ ಟ್ಯಾಂಕಿನ ಒಳಮೈಗೆ ಬಳಿಸಿದ್ದ ಲೇಪನ ಮೆತ್ತಗಾಗಿ, ಹಪ್ಪಳದಂತೆ ಎದ್ದು, ಪೆಟ್ರೋಲ್ ಪಂಪಿನ ಜಾಲರಿಗೆ ಅಂಟಿಕೊಂಡಿತ್ತು. ಹಿಂದಿನ ಕಾಲದ ಇಂಥ ಹಲವು ಲೇಪನಗಳು, ರಬ್ಬರ್ ಕೊಳವೆಗಳು, ಕಾರ್ಕ್ ವಾಷರುಗಳು, ಕಬ್ಬು ಮುಂತಾದವುಗಳಿಂದ ತೆಗೆದು ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎಂಬ ಮದ್ಯಸಾರವನ್ನು ತಾಳುವಂತೆ ತಯಾರಾದವಲ್ಲ. ಎಥೆನಾಲ್ ತೇವವನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತೇ ಇರುವ ಕಾರಿನ ಟ್ಯಾಂಕಿನ ತಳದಲ್ಲಿ ಮತ್ತೆ ತುಕ್ಕು ಹುಟ್ಟುವ ಭಯವೂ ಇದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ನಮ್ಮ ಬೆಂಗಳೂರಿನಲ್ಲೇ 2023ರ ಫೆಬ್ರವರಿ 6ರಂದು ಪ್ರಧಾನಿಯವರು ಚಾಲನೆ ನೀಡಿದರು. ಆಮದು ಕಡಿಮೆಯಾಗುವುದೂ ಕಬ್ಬು ಬೆಳೆಗಾರರಿಗೆ ಅನುಕೂಲವಾಗುವುದೂ ನನಗೆ ಸಂತೋಷದ ವಿಷಯವೇ. ಆದರೆ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು 2021ರಲ್ಲಿ ತಂದ ಸರ್ಕಾರವೇ ಅವುಗಳಿಗೆ ತಕ್ಕ ಇಂಧನದ ಬಗೆಗೂ ಯೋಚಿಸಬೇಕಲ್ಲವೇ?

ಎಥೆನಾಲಿನ ಪ್ರಮಾಣವನ್ನು ಪ್ರತಿ ಬಂಕಿನಲ್ಲೂ ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಜಿಲ್ಲಾ ಕೇಂದ್ರದ ಒಂದು ಬಂಕಿನಲ್ಲಾದರೂ ಎಥೆನಾಲ್ ಬೆರೆಸದ ಪೆಟ್ರೋಲ್ ದೊರೆಯುವಂತಾಗಬೇಕು. ಇವೆರಡಕ್ಕಿಂತಲೂ ಮೊದಲು ಆಗಬೇಕಾದದ್ದು, ಐಟಿಐಗಳ ವೆಲ್ಡಿಂಗ್ ಮತ್ತು ಮೆಕ್ಯಾನಿಕ್ ತರಗತಿಗಳ ಪ್ರತಿಯೊಬ್ಬ ವಿದ್ಯಾರ್ಥಿಗೂ ಖಾಲಿ ಟ್ಯಾಂಕಿನ ಅಪಾಯವನ್ನು ಕಣ್ಣಾರೆ ತೋರಿಸಿ ಕಲಿಸುವ ಕೆಲಸ. ಶಾಲೆ ಬಿಟ್ಟು ನೇರವಾಗಿ ಗ್ಯಾರೇಜಿಗೆ ಸೇರಿದ ಹುಡುಗರಿಗೆ ಆ ಪಾಠ ಅಲ್ಲಿ ಸಿಗುವುದಿಲ್ಲ. ಅಂಥವರ ಕಣ್ಣಿಗೂ ಬೀಳಲೆಂದೇ ಈ ಪತ್ರವನ್ನು ಪ್ರಕಟಿಸಬೇಕಾಗಿ ತಮ್ಮಲ್ಲಿ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು