ಭಾಷಣದ ಹಣ, ಖಜಾನೆಯ ಹಣ

ಮಾನ್ಯ ಸಂಪಾದಕರೇ,

ಕೇಂದ್ರದ ಮುಂಗಡಪತ್ರ ಮಂಡನೆಯಾದ ಮರುದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂಬ ಪಟ್ಟಿ ಪತ್ರಿಕೆಗಳ ಮುಖಪುಟದಲ್ಲೇ ಇರುತ್ತದೆ. ಹಿಂದಿನ ವರ್ಷ ಘೋಷಿಸಿದ್ದರಲ್ಲಿ ಖಜಾನೆಯಿಂದ ಹೊರಬಿದ್ದದ್ದೆಷ್ಟು ಎಂಬ ಪಟ್ಟಿಗೆ ಒಳಪುಟದಲ್ಲೂ ಜಾಗವಿರುವುದಿಲ್ಲ. ಜಿಲ್ಲಾ ಪಂಚಾಯಿತಿಯ ಲೆಕ್ಕಪತ್ರ ಶಾಖೆಯಲ್ಲಿ ಸವೆದು ನಿವೃತ್ತನಾದ ನನಗೆ ಈ ಎರಡನೆಯ ಪಟ್ಟಿಯ ಮೇಲೇ ಕಣ್ಣು.

ನಮ್ಮ ಭದ್ರಾ ಮೇಲ್ದಂಡೆಯನ್ನೇ ನೋಡಿ. ಚಿಕ್ಕಮಗಳೂರು, ಚಿತ್ರದುರ್ಗ, ದಾವಣಗೆರೆ, ತುಮಕೂರು ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ನೀರು ಕೊಡಬೇಕಾದ, ಕೆರೆಗಳನ್ನು ತುಂಬಿಸಬೇಕಾದ ಯೋಜನೆ ಇದು. 2023ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ನೆರವು ಪ್ರಕಟಿಸಿದರು. 2024ರ ಮುಂಗಡಪತ್ರ ಬಂತು, 2025ರದೂ ಬಂತು, ಆ ಹಣ ಮಾತ್ರ ಬರಲಿಲ್ಲ. ದಿಲ್ಲಿಯವರು ಬೆಂಗಳೂರಿನತ್ತ, ಬೆಂಗಳೂರಿನವರು ದಿಲ್ಲಿಯತ್ತ ಬೆರಳು ತೋರಿಸುತ್ತಿದ್ದಾರೆ. ಆ ಜಗಳ ಅವರಿಗಿರಲಿ. ಒಪ್ಪಿಗೆಗಳೆಲ್ಲ ಮುಗಿಯುವ ಮೊದಲೇ ಅಂಕಿ ಸಮೇತ ಓದಿದ್ದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ. ಮಂಜೂರಾತಿ ಆದೇಶದ ಪ್ರತಿ ಇಲ್ಲದೆ ನಾನು ಐದು ಸಾವಿರದ ಬಿಲ್ ಮಂಡಿಸಿದ್ದರೂ ಆಕ್ಷೇಪಣೆ ಬರೆದು ಕಡತ ವಾಪಸು ಕಳಿಸುತ್ತಿದ್ದರು.

ಜಲಜೀವನ್ ಮಿಷನ್ ಕಥೆ ಇನ್ನೂ ದೊಡ್ಡದು. 2024ರೊಳಗೆ ಪ್ರತಿ ಗ್ರಾಮೀಣ ಮನೆಗೂ ನಲ್ಲಿ ನೀರು ಎಂದು 2019ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದರು. ಒಟ್ಟು ಅಂದಾಜು 3.60 ಲಕ್ಷ ಕೋಟಿ ರೂಪಾಯಿ. ನಮ್ಮಂಥ ರಾಜ್ಯ ಅರ್ಧದಷ್ಟು ಪಾಲು ಹಾಕಬೇಕು. ಗುರಿ ಮುಟ್ಟಬೇಕಿದ್ದ 2024-25ರಲ್ಲಿ ಕೇಂದ್ರ ತೆಗೆದಿರಿಸಿದ್ದು 70,163 ಕೋಟಿ. ವರ್ಷದ ಕೊನೆಯ ಹೊತ್ತಿಗೆ ತಿದ್ದಿ ಬರೆಯುವ ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು. ಆ ಪರಿಷ್ಕೃತ ಅಂಕಿ ಹೊತ್ತು ಬಂದ 2025ರ ಫೆಬ್ರುವರಿಯ ಮುಂಗಡಪತ್ರದ ಭಾಷಣದಲ್ಲೇ ಗಡುವು 2028ಕ್ಕೆ ಹೋಯಿತು. ಗಡುವು ಮುಂದೆ ಹೋದದ್ದು ಸುದ್ದಿಯಾಯಿತು, ಮೂರನೇ ಎರಡು ಭಾಗ ಹಣ ಕೈತಪ್ಪಿದ್ದು ಅಷ್ಟಾಗಿ ಆಗಲಿಲ್ಲ. ಕೆಲಸ ನಡೆಯದ್ದರಿಂದ ಹಣ ಉಳಿಯಿತೋ, ಹಣ ಬಾರದೆ ಕೆಲಸ ನಿಂತಿತೋ ಎಂಬುದನ್ನಾದರೂ ಸರ್ಕಾರ ಬಿಡಿಸಿ ಹೇಳಬೇಡವೇ?

ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆಗಳ ಮುಂದೆ ಸಿಮೆಂಟಿನ ಗೂಟ, ಅದಕ್ಕೊಂದು ನಲ್ಲಿ. ನೀರು ಬಂದಿಲ್ಲ. ಒಬ್ಬ ಅಜ್ಜಿ ಗೂಟಕ್ಕೆ ಕರು ಕಟ್ಟಿದ್ದರು. ಪೈಪಿಗಾಗಿ ಅಗೆದ ಕಾಂಕ್ರೀಟ್ ರಸ್ತೆ ಅಗೆದಂತೆಯೇ ಬಿದ್ದಿದೆ. ಗುತ್ತಿಗೆದಾರನನ್ನು ಕೇಳಿದರೆ ಬಿಲ್ ಬಾಕಿ ಎನ್ನುತ್ತಾರೆ.

ಪಂಚವಾರ್ಷಿಕ ಯೋಜನೆ ರೂಪಿಸಿ ಹಣ ಹಂಚುತ್ತಿದ್ದ ಹಳೆಯ ಯೋಜನಾ ಆಯೋಗವೇ ವಾಸಿಯಾಗಿತ್ತು ಎಂದು ನಾನು ಹೇಳುವುದಿಲ್ಲ. ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ಗೋಡೆ ನಮ್ಮನ್ನು ಕಾಡಿದ್ದು ಅಷ್ಟಿಷ್ಟಲ್ಲ. ಯೋಜನಾ ಹಣದಲ್ಲಿ ಆಸ್ಪತ್ರೆ ಕಟ್ಟಡ ಏಳುತ್ತಿತ್ತು. ಅದರ ದಾದಿಯ ಸಂಬಳ, ಸುಣ್ಣಬಣ್ಣ ಎಲ್ಲ ಯೋಜನೇತರ, ಅಲ್ಲಿ ದುಡ್ಡಿಲ್ಲ. 2017-18ರಲ್ಲಿ ಆ ಗೋಡೆ ಒಡೆದದ್ದು ಸರಿ. ಮುಂಗಡಪತ್ರವನ್ನು ಫೆಬ್ರುವರಿ 1ಕ್ಕೆ ತಂದದ್ದೂ ಸರಿ. ಮೊದಲು ಸಂಸತ್ತಿನ ಪೂರ್ಣ ಒಪ್ಪಿಗೆ ಸಿಗುವಾಗ ಮೇ ತಿಂಗಳು, ಬಿಡುಗಡೆ ಆದೇಶ ನಮ್ಮ ಮೇಜಿಗೆ ಬರುವಾಗ ಮಳೆಗಾಲ. ಆದರೆ 12ನೇ ಪಂಚವಾರ್ಷಿಕ ಯೋಜನೆ 2017ರ ಮಾರ್ಚ್‌ಗೆ ಮುಗಿದ ಮೇಲೆ, ಐದು ವರ್ಷದ ಗುರಿಯನ್ನೂ ಈ ವರ್ಷದ ಹಣವನ್ನೂ ಒಟ್ಟಿಗೆ ಕೂರಿಸಿ ಲೆಕ್ಕ ಹಾಕುವ ಜಾಗವೇ ಇಲ್ಲದಾಯಿತು. ಯೋಜನಾ ಆಯೋಗದ ಜಾಗಕ್ಕೆ ಬಂದ ನೀತಿ ಆಯೋಗ ದೂರದೃಷ್ಟಿಯ ದಾಖಲೆ ಬರೆಯುತ್ತದೆ, ಅದರ ಕೈಯಲ್ಲಿ ಹಂಚಲು ಒಂದು ಪೈಸೆಯೂ ಇಲ್ಲ. ಹಣಕಾಸು ಸಚಿವಾಲಯದ ಕೈಯಲ್ಲಿ ಹಣವಿದೆ, ಅದರ ಚಿಂತೆ ಮಾರ್ಚ್ 31ಕ್ಕೆ ನಿಲ್ಲುತ್ತದೆ.

ಬೆಂಗಳೂರಿನಿಂದ ನಮಗೆ ಬರುತ್ತಿದ್ದ ಲಿಂಕ್ ಡಾಕ್ಯುಮೆಂಟ್ ಎಂಬ ದಪ್ಪ ಪುಸ್ತಕದಲ್ಲಿ ಪ್ರತಿ ಲೆಕ್ಕಶೀರ್ಷಿಕೆಯ ಎದುರು ಜಿಲ್ಲೆಯ ಪಾಲು ಲಕ್ಷಗಳಲ್ಲಿ ಅಚ್ಚಾಗಿರುತ್ತಿತ್ತು. ಕೆಲವು ಕಡೆ ಬರೀ 1.00. ಯೋಜನೆ ಸತ್ತಿಲ್ಲ ಎಂದು ತೋರಿಸಲು ಇಟ್ಟ ಟೋಕನ್ ಹಣ ಅದು. ಅಂಥ ಸಾಲಿಗೆ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿಡುತ್ತಿದ್ದೆ, ಕ್ರಿಯಾಯೋಜನೆ ಮಾಡುವಾಗ ಯಾರೂ ಮೋಸಹೋಗಬಾರದಲ್ಲ! ಆ ಪುಸ್ತಕದ ಒಳ್ಳೆಯ ಗುಣವೆಂದರೆ ಸುಳ್ಳು ಆಸೆ ಹುಟ್ಟಿಸುತ್ತಿರಲಿಲ್ಲ. ಒಂದು ಅಂದರೆ ಒಂದೇ.

ಬಹುವರ್ಷದ ಲೆಕ್ಕ ಇಡಬೇಕೆಂಬ ಯೋಚನೆ ಸರ್ಕಾರಕ್ಕೆ ಹೊಸದೇನಲ್ಲ. ಮೂರು ವರ್ಷದ ವೆಚ್ಚದ ಗುರಿಗಳನ್ನು ಸಂಸತ್ತಿನ ಮುಂದಿಡಬೇಕೆಂದು ವಿತ್ತೀಯ ಹೊಣೆಗಾರಿಕೆ ಕಾಯ್ದೆಗೆ 2012ರಲ್ಲೇ ತಿದ್ದುಪಡಿಯಾಗಿದೆ. ಅದನ್ನು ಯೋಜನೆವಾರು ಮಾಡಲಿ. ಭಾಷಣದಲ್ಲಿ ಹೆಸರು ಹೇಳಿದ ಪ್ರತಿ ಯೋಜನೆಯ ಎದುರು ಒಟ್ಟು ಬೇಕಾದ ಹಣ, ಮುಂದಿನ ಮೂರು ವರ್ಷ ಕೊಡುವ ಹಣ, ರಾಜ್ಯದ ಪಾಲು, ಬಾಕಿಯಿರುವ ಒಪ್ಪಿಗೆ, ಹಿಂದಿನ ವರ್ಷ ನಿಜವಾಗಿ ಬಿಡುಗಡೆಯಾದ ಮೊತ್ತ ಇರಲಿ. ಒಂದು ಪುಟ ಸಾಕು. ರಾಜ್ಯ ಸರ್ಕಾರವೂ ತನ್ನ ಗ್ಯಾರಂಟಿಗಳಿಗೆ, ನೀರಾವರಿಗೆ ಇದೇ ಪುಟ ಬರೆಯಲಿ. ಬೆಂಗಳೂರಿಗೆ ವಿನಾಯಿತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಸರ್ಕಾರ ಆ ಪುಟ ಕೊಡುವವರೆಗೆ, ಮುಂದಿನ ಫೆಬ್ರುವರಿ 2ರಂದು ಅಗ್ಗ-ತುಟ್ಟಿಯ ಪಕ್ಕದಲ್ಲಿ ಅರ್ಧ ಕಾಲಂ ಜಾಗವನ್ನು ತಾವು ಬಿಟ್ಟುಕೊಡಬೇಕೆಂದು ಕೋರುತ್ತೇನೆ. ಹಿಂದಿನ ವರ್ಷದ ಅಂದಾಜು, ಪರಿಷ್ಕೃತ ಅಂದಾಜು ಎರಡೂ ಮುಂಗಡಪತ್ರದ ಪುಸ್ತಕದಲ್ಲೇ ಅಕ್ಕಪಕ್ಕದ ಕಾಲಂಗಳಲ್ಲಿ ಸಿಗುತ್ತವೆ.

— ನಿವೃತ್ತ ಲೆಕ್ಕಾಧೀಕ್ಷಕ, ಹಿರಿಯೂರು